ಎರಡನೇ ಗ್ರೀನಿನ ಕಂದು ಪಟ್ಟಿಗಳು

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಎರಡನೇ ಗ್ರೀನಿನ ಮೇಲೆ ಕಂದು ಪಟ್ಟಿಗಳು ಎದ್ದದ್ದನ್ನು ಮೊದಲು ಕಂಡವಳು ದಾನಮ್ಮ. ಆಡುವವರು ಬರಲು ಇನ್ನೂ ಒಂದು ಗಂಟೆಯಿತ್ತು. ಗಾಲ್ಫಿನಲ್ಲಿ ಚೆಂಡು ಕೊನೆಗೆ ಬೀಳಬೇಕಾದ ಕುಳಿಯ ಸುತ್ತಲಿನ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅಲ್ಲಿನ ಹುಲ್ಲನ್ನು ದಿನವೂ ಕತ್ತರಿಸಿ, ಚಾಪೆ ಹಾಸಿದಷ್ಟು ನುಣ್ಣಗೆ ಇಡಬೇಕು. ಠಾಣೆ ಹತ್ತಿರದ ಘಣಸೋಲಿಯ ಆಚೆ, ಸಮುದ್ರದ ನೀರು ಏರಿಳಿಯುವ ಖಾಡಿಯ ದಂಡೆಗಿರುವ ಆ ಮೈದಾನದಲ್ಲಿ ಅಂಥ ಒಂಬತ್ತು ಗ್ರೀನುಗಳು. ಒಂಬತ್ತಕ್ಕೂ ದಾನಮ್ಮನೇ ಮುಕಾದಮ. ಕೈಕೆಳಗೆ ಹನ್ನೊಂದು ಹೆಂಗಸರು.

ಅವಳು ಕುಕ್ಕರುಗಾಲಲ್ಲಿ ಕೂತು ಪಟ್ಟಿಯ ಅಗಲವನ್ನು ಗೇಣು ಹಾಕಿ ನೋಡಿದಳು. ಗೊಬ್ಬರದ ನೀರು ಸಿಂಪಡಿಸುವ ಗಾಡಿಯ ಕೊಳವೆ ಎಷ್ಟು ಅಗಲವೋ ಅಷ್ಟೇ.

ಹಿಂದಿನ ಬುಧವಾರ ಗೊಬ್ಬರ ಕಲಸಿದವಳು ಅವಳೇ. ಬರುವ ಶುಕ್ರವಾರ ಬೇಲಾಪುರದ ಸರಕಾರಿ ಕಚೇರಿಯಿಂದ ಅಧಿಕಾರಿಗಳು ಬರುವವರಿದ್ದರು. ಈ ಸರಕಾರಿ ಮೈದಾನವನ್ನು ಸುಧಾರಿಸಿ ಸಾರ್ವಜನಿಕರಿಗೇ ಉಳಿಸುವುದೋ, ಯಾವುದಾದರೂ ಖಾಸಗಿ ಕ್ಲಬ್ಬಿಗೆ ವಹಿಸಿಬಿಡುವುದೋ ಎಂದು ನೋಡಿ ಹೋಗುವುದಕ್ಕೆ. ಅಷ್ಟರೊಳಗೆ ಹುಲ್ಲು ಹಸಿರೇರಲಿ ಎಂದು ಮ್ಯಾನೇಜರ್ ಶೈಲೇಶ್ ಗೊಬ್ಬರ ಹೊಡೆಯಲು ಹೇಳಿದ್ದ. ಒಂದು ಗ್ರೀನಿಗೆ ಒಂದು ಡ್ರಮ್ ನೀರು, ಡ್ರಮ್ಮಿಗೆ ಎರಡು ಡಬ್ಬಿ ಗೊಬ್ಬರ. ಎರಡನೇ ಡ್ರಮ್ಮಿಗೆ ಸುರಿಯುತ್ತಿದ್ದಾಗ ಫೋನು ಬಂತು. ಊರಿನಿಂದ ಅವಳ ತಂಗಿ ಮರಗಮ್ಮ. ಮಾತಾಡಿ ಮುಗಿಸಿ ಬಂದು ಡಬ್ಬಿ ಕೈಗೆತ್ತಿಕೊಂಡದ್ದು ನೆನಪಿದೆ. ಆದರೆ ಫೋನಿಗೆ ಮೊದಲೇ ಎರಡು ಡಬ್ಬಿ ಸುರಿದಾಗಿತ್ತೋ, ಇಲ್ಲವೋ? ಎಷ್ಟು ಯೋಚಿಸಿದರೂ ನೆನಪು ಆ ಫೋನಿನ ಹತ್ತಿರ ಬಂದು ನಿಂತುಬಿಡುತ್ತಿತ್ತು.

ಯಾರಿಗೂ ಹೇಳಲಿಲ್ಲ. ಸಂಜೆ ಗಂಡನ ಮುಂದೆ ಮಾತ್ರ ಬಾಯಿಬಿಟ್ಟಳು. ಶಿವರಾಯ ವಾಶಿಯ ಮಂಡಿಯಲ್ಲಿ ಮೂಟೆ ಹೊರುವವನು.

"ಸುಮ್ಕಿರು. ಬಿಸಲಿಗೆ ಒಣಗೈತಿ ಅನ್ನು. ನೀ ಡಬ್ಬಿ ಎಣಿಸಿದ್ದು ಯಾರ್ ನೋಡ್ಯಾರ?" ಅಂದ ಅವನು.

ಯಾರೂ ನೋಡಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಸಿಂಧನೂರಿನ ಕಡೆಯ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದವಳು ಅವಳು. ಈ ಮೈದಾನ ಮಾಡುವಾಗ ಬುಟ್ಟಿಯಲ್ಲಿ ಮಣ್ಣು ಹೊತ್ತಿದ್ದಳು, ನೀರಿನ ಪೈಪು ಹೂಳುವಾಗ ಕಾಲುವೆ ತೋಡಿದ್ದಳು. ಕೆಲಸ ಮುಗಿದು ಉಳಿದವರೆಲ್ಲ ಬೇರೆ ಕಟ್ಟಡಗಳಿಗೆ ಹೋದಾಗ, ಹುಲ್ಲು ಕೀಳಲು ನಾಲ್ಕು ಜನ ಬೇಕೆಂದರು, ಅವಳು ಉಳಿದಳು. ಹುಲ್ಲಿಗೆ ಬಾಯಾರಿಕೆಯಾದರೆ ಬಣ್ಣ ಹೇಗೆ ಮಾಸುತ್ತದೆ, ಹುಳ ಹತ್ತಿದರೆ ಬೇರು ಹೇಗೆ ಸಡಿಲವಾಗುತ್ತದೆ ಎಂದು ಒಬ್ಬರೂ ಹೇಳಿಕೊಟ್ಟದ್ದಲ್ಲ. ಇಪ್ಪತ್ತೈದು ವರ್ಷದಲ್ಲಿ ಒಂದು ಗ್ರೀನನ್ನೂ ಕೆಡಿಸಿದವಳಲ್ಲ.

ಮಂಗಳವಾರ ಬಂದು ನೋಡಿದರೆ ಆರು, ಏಳು, ಎಂಟನೇ ಗ್ರೀನುಗಳೂ ಹಳದಿಗೆ ತಿರುಗಿದ್ದವು. ದಾನಮ್ಮ ಬುಧವಾರದ ಡ್ರಮ್ಮುಗಳನ್ನು ಮತ್ತೆ ಬೆರಳಲ್ಲಿ ಎಣಿಸಿದಳು. ಹಾಗಾದರೆ ಒಂದಲ್ಲ, ನಾಲ್ಕು ಡ್ರಮ್ಮಿಗೆ ತಪ್ಪು ಅಳತೆ ಹಾಕಿದೆನೇ? ತಲೆ ಕೆಟ್ಟಿದೆಯೇ ತನಗೆ? ಅಂದು ಬುತ್ತಿಯ ರೊಟ್ಟಿಯನ್ನು ಹಾಗೇ ಮನೆಗೆ ಒಯ್ದಳು.

ಬುಧವಾರ ಶೈಲೇಶ್ ಆಫೀಸಿಗೆ ಕರೆಸಿದ. ಉಡುಪಿ ಕಡೆಯವರ ಮಗ, ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ಈ ಮೈದಾನಕ್ಕೆ ಬಂದು ಇನ್ನೂ ವರ್ಷವಾಗಿಲ್ಲ.

"ಎಂಥ ಇದು ದಾನಮ್ಮ? ಪರ್ಸೋಂ, ಶುಕ್ರವಾರ, ಸಾಹೇಬರು ಬರ್ತಾರೆ. ಹೀಗೆ ಹಳದಿ ಹಿಡಿದ್ರೆ ನಾನು ಅವರಿಗೆ ಏನು ತೋರಿಸ್ಲಿ?"

ಅವನು ಹಾಜರಿ ಪುಸ್ತಕ ಎಳೆದುಕೊಂಡ.

"ಕೆಳಗಿನ ಮೂರು ಗ್ರೀನಿಗೆ ನೀರು ಬಿಡೋದು ಚಂದ್ರಬಾಯಿ ಅಲ್ವಾ? ಬಿಟ್ಟೇ ಇಲ್ಲ ಅಂತ ಕಾಣ್ತದೆ. ಎರಡನೆಯದಕ್ಕೂ ಹಾಗೇ ಮಾಡಿರ್ಬೇಕು. ನಾಳೆಯಿಂದ ಬರೋದು ಬೇಡ ಅಂತ ಅವರಿಗೆ ಹೇಳಿಬಿಡಿ."

"ಹೂಂ ರೀ" ಎಂಬ ಶಬ್ದ ಅವಳಿಗೆ ಗೊತ್ತಾಗುವ ಮೊದಲೇ ಬಾಯಿಂದ ಜಾರಿತ್ತು. ಹೊರಗೆ ಬಂದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮುಖ ಬೆಂಕಿಯಾಯಿತು. ತಪ್ಪು ತನ್ನದು, ಹೋಗುವವಳು ಚಂದ್ರಬಾಯಿ.

ಚಂದ್ರಬಾಯಿ ಘಣಸೋಲಿಯ ಹಳೆಯ ಊರಿನವಳು, ಒಂಬತ್ತು ವರ್ಷದ ಜೊತೆಗಾತಿ. ಏಳನೇ ಗ್ರೀನಿನ ಪಕ್ಕ ಪೈಪು ಸುತ್ತುತ್ತಿದ್ದಳು. ದಾನಮ್ಮನ ಮುಖ ಕಂಡೇ ಅರ್ಥ ಮಾಡಿಕೊಂಡಳು.

"ದಾನಾ, ಮೈಂ ರೋಜ್ ಪಾನಿ ದಿಯಾ. ಹಾಥ್ ಲಗಾಕೆ ದೇಖ್."

ದಾನಮ್ಮ ಕೂತು ಮಣ್ಣಿಗೆ ಬೆರಳಿಟ್ಟಳು. ತೇವವಿತ್ತು. ದಿನವೂ ನೀರು ಕುಡಿದ ಮಣ್ಣೇ. ಮತ್ತೆ ಹುಲ್ಲಿನ ತುದಿ ಯಾಕೆ ಸುಟ್ಟಂತಿದೆ? ಗೊಬ್ಬರ ಹೆಚ್ಚಾದರೆ ಪಟ್ಟಿ ಪಟ್ಟಿಯಾಗಿ ಸುಡಬೇಕು, ಎರಡನೆಯದರ ಹಾಗೆ. ಇಲ್ಲಿ ಪಟ್ಟಿಗಳೇ ಇಲ್ಲ. ಅಂಚಿನಲ್ಲಿ ಹುಲ್ಲು ತೆಳುವಾದಲ್ಲಿ ಮಣ್ಣಿನ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪುಡಿ. ಅದನ್ನು ಬೆರಳಿಂದ ತೆಗೆದು ನಾಲಿಗೆಗೆ ಇಟ್ಟುಕೊಂಡಳು.

"ಸವುಳು!" ಎಂದಳು ಕನ್ನಡದಲ್ಲೇ. ಅವಳ ಊರಿನಲ್ಲಿ ಕಾಲುವೆಯ ಕೊನೆಯ ಗದ್ದೆಗಳಲ್ಲಿ ಉಪ್ಪೇರಿ ಮಣ್ಣು ಹೀಗೇ ಬೆಳ್ಳಗಾಗುತ್ತಿತ್ತು. ಇಬ್ಬರೂ ಕೆಳಗಿನ ಕೆರೆಯ ಕಡೆ ಓಡುನಡಿಗೆಯಲ್ಲಿ ಹೋದರು. ಆ ಮೂರು ಗ್ರೀನುಗಳಿಗೆ ನೀರು ಹೋಗುವುದು ಆ ಕೆರೆಯಿಂದ. ದಾನಮ್ಮ ಬೊಗಸೆಯಲ್ಲಿ ಬಾಯಿಗೆ ಹಾಕಿ ಥೂ ಎಂದು ಉಗುಳಿದಳು.

ಚಂದ್ರಬಾಯಿ ದಡ ನೋಡುತ್ತ ಮುಂದೆ ಹೋದಳು. ಕೆರೆಗೂ ಖಾಡಿಗೂ ನಡುವಿನ ಒಡ್ಡಿನಲ್ಲಿ ಒಂದು ಬಾಗಿಲಿದೆ. ಮಳೆಯ ನೀರನ್ನು ಹೊರಗೆ ಬಿಡುತ್ತದೆ, ಭರತದ ನೀರು ತಳ್ಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಅವಳ ಅಪ್ಪನ ಕಾಲದಲ್ಲಿ ಇಲ್ಲಿ ಭತ್ತ ಬೆಳೆಯುತ್ತಿದ್ದಾಗಲೂ ಹೀಗೇ ಇತ್ತಂತೆ. ಈಗ ಆ ಬಾಗಿಲ ಸಂದಿನಲ್ಲಿ ಮರದ ದಿಮ್ಮಿಯೊಂದು, ಪ್ಲಾಸ್ಟಿಕ್ ಚೀಲಗಳನ್ನು ಸುತ್ತಿಕೊಂಡು ಸಿಕ್ಕಿಬಿದ್ದಿತ್ತು. ಕಳೆದ ಅಮಾವಾಸ್ಯೆಯ ದೊಡ್ಡ ಭರತದಲ್ಲಿ ಸಮುದ್ರದ ನೀರು ಸಲೀಸಾಗಿ ಒಳಗೆ ಬಂದಿತ್ತು.

ದಾನಮ್ಮ ಒಡ್ಡಿನ ಮೇಲೆ ಕುಸಿದು ಕೂತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಚಂದ್ರಬಾಯಿಯ ಕೆಲಸ ಉಳಿಯಿತು. ತನ್ನ ತಲೆಯೂ ಕೆಟ್ಟಿಲ್ಲ. ಆದರೆ ಎರಡನೇ ಗ್ರೀನು? ಅದಕ್ಕೆ ನೀರು ಮೇಲಿನ ಟ್ಯಾಂಕಿನಿಂದ, ಅದು ಸಿಹಿನೀರು. ಶೈಲೇಶನಿಗೆ ಆ ಪೈಪುಗಳ ದಾರಿ ಗೊತ್ತಿಲ್ಲ. ನಾಲ್ಕಕ್ಕೂ ಉಪ್ಪೇ ಕಾರಣ ಎಂದರೆ ನಂಬುತ್ತಾನೆ. ಪಟ್ಟಿಗಳನ್ನು ಕಂಡು ನಿಜ ಊಹಿಸಿದ್ದ ಚಂದ್ರಬಾಯಿಯೂ ಹಾಗೇ ಹೇಳು ಎಂದಳು, ಎಂದು ಅತ್ತ ನೋಡಿದಳು.

ಆಫೀಸಿನವರೆಗಿನ ದಾರಿ ಅಂದು ಅವಳಿಗೆ ಬಹಳ ಉದ್ದವಾಯಿತು. ಉಪ್ಪೆಂದರೆ ಎರಡನೆಯದರ ಮಣ್ಣನ್ನೂ ಮೊಳದಾಳ ಕಿತ್ತು ಹಾಕಿಸಿಯಾರು. ಅಲ್ಲಿನ ಹುಲ್ಲಿನ ಬೇರು ಇನ್ನೂ ಬೆಳ್ಳಗಿದೆ, ಅವಳು ನಿನ್ನೆ ಕಿತ್ತು ನೋಡಿದ್ದಳು. ಒಂದು ವಾರ ನೀರು ಕುಡಿಸಿದರೆ ಬದುಕುವ ಹುಲ್ಲು. ಅದನ್ನು ಕಿತ್ತೆಸೆಯುವುದನ್ನು ತಾನೇ ನಿಂತು ಮಾಡಿಸಬೇಕು.

ಸವುಳಿನ ಸಂಗತಿಯನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಶೈಲೇಶ್ ಕುರ್ಚಿಯಿಂದೆದ್ದ. "ನಾಲ್ಕಕ್ಕೂ ಅದೇ ಅಲ್ವಾ? ಬಚ್ ಗಯಾ, ನಾನು ಬಚಾವ್!"

"ಇಲ್ರಿ ಸಾಹೇಬ್ರ. ಮೂರಕ್ಕ. ಎರಡನೇದು ನಾ ಸುಟ್ಟೀನ್ರಿ."

"ಎಂಥ?"

"ಗೊಬ್ಬರ ಎರಡ ಸಲ ಹಾಕೀನಿ ಅನಸ್ತದ್ರಿ. ಫೋನ್ ಬಂದಿತ್ತು, ಲೆಕ್ಕ ತಪ್ಪಿತು. ಮಣ್ಣು ಕೀಳಬ್ಯಾಡ್ರಿ. ಬರೇ ನೀರ್ ಬಿಟ್ರ ಬದುಕತೈತಿ."

"ಸೋಮವಾರವೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತ್ರಿ."

"ನಾನು ಚಂದ್ರಬಾಯಿ ಹೆಸರು ಹೇಳುವಾಗ್ಲೂ?"

ಶೈಲೇಶ್ ಸಿಹಿನೀರಿನ ಟ್ಯಾಂಕರು ಕರೆಸಲು ಫೋನು ಕೈಗೆತ್ತಿಕೊಂಡ. "ಈಗ ಹೋಗಿ. ಮೊದಲು ಆ ದಿಮ್ಮಿ ತೆಗೆಸಿ," ಅಂದ. ಕೆಲಸ ಇದೆಯೋ ಇಲ್ಲವೋ ಹೇಳಲಿಲ್ಲ. ಅವಳಿಗೂ ಕೇಳುವ ಧೈರ್ಯವಾಗಲಿಲ್ಲ.

ಎರಡು ದಿನ ಹನ್ನೆರಡು ಹೆಂಗಸರೂ ಸೇರಿ ಬಾಗಿಲು ಸ್ವಚ್ಛ ಮಾಡಿದರು, ಟ್ಯಾಂಕರಿನ ಸಿಹಿನೀರಿನಿಂದ ಉಪ್ಪು ತೊಳೆದರು. ಹಸಿರು ಮಾತ್ರ ಅಷ್ಟು ಬೇಗ ಬರುವುದಲ್ಲ. ಶುಕ್ರವಾರ ಅಧಿಕಾರಿಗಳು ಬಂದಾಗ ನಾಲ್ಕು ಗ್ರೀನುಗಳ ಸುತ್ತ ಹಗ್ಗ ಕಟ್ಟಿತ್ತು. ಅವರಲ್ಲಿ ಹಿರಿಯರಾದ ಹೆಂಗಸೊಬ್ಬರು ಎರಡನೆಯದರ ಮುಂದೆ ನಿಂತು, ಇದಕ್ಕೇನಾಯಿತು ಎಂದು ಮರಾಠಿಯಲ್ಲಿ ಕೇಳಿದರು. ಶೈಲೇಶ್ ದಾನಮ್ಮನನ್ನು ಮುಂದೆ ಕರೆದ. ಅವಳು ತನಗೆ ಬಂದ ಮರಾಠಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಬರೆದುಕೊಂಡರು.

ಜೂನಿನಲ್ಲಿ ಉತ್ತರ ಬಂತು. ಮೈದಾನ ಇನ್ನು ಮೂರು ವರ್ಷ ಸಾರ್ವಜನಿಕರಿಗೇ ಉಳಿಯುತ್ತದೆ, ಒಡ್ಡಿಗೆ ಹೊಸ ಬಾಗಿಲು ಬರುತ್ತದೆ. ಎಂಟನೇ ಗ್ರೀನು ಉಳಿಯಲಿಲ್ಲ. ಅಲ್ಲಿ ಉಪ್ಪು ತಡೆಯುವ ಹುಲ್ಲು ಹಾಕಿದರು. ಎರಡನೆಯದು ಐದು ವಾರದಲ್ಲಿ ಚಿಗುರಿತು. ಗೊಬ್ಬರ ಕಲಸುವಾಗ ಇಬ್ಬರು ನಿಲ್ಲಬೇಕು, ಹಾಕಿದ ಡಬ್ಬಿಯನ್ನು ಹಲಗೆಯ ಮೇಲೆ ಗೀಚಬೇಕು ಎಂದು ಶೈಲೇಶ್ ನಿಯಮ ಮಾಡಿದ. ದಾನಮ್ಮನನ್ನು ತೆಗೆಯಲಿಲ್ಲ, ಆ ಮಾತೇ ಎತ್ತಲಿಲ್ಲ. ಚಂದ್ರಬಾಯಿ ಮಾತ್ರ ಆ "ಹೂಂ ರೀ" ಸಂಗತಿ ತಿಳಿದ ಮೇಲೆ ಹದಿನೈದು ದಿನ ಊಟಕ್ಕೆ ಬೇರೆ ಕೂತಳು. ಹದಿನಾರನೇ ದಿನ ಒಣಮೀನಿನ ಚಟ್ನಿಯ ಡಬ್ಬಿ ತಂದು, ದಾನಮ್ಮನ ಪಕ್ಕಕ್ಕಿಟ್ಟು ಕೂತಳು.