ಸೊನ್ನೆ ಬಿಲ್ಲು ತಪ್ಪಿದ ತಿಂಗಳು

ಅನುಮಾನ ನನ್ನ ಹುಟ್ಟುಗುಣ. ಶಿಕಾರಿಪುರದ ಸಂತೆಯಲ್ಲಿ ಟೊಮೆಟೊ ಕೊಂಡರೂ ತಕ್ಕಡಿಯ ಅಡಿಗೆ ಬಗ್ಗಿ ನೋಡುವವಳು ನಾನು. ಅಂಥವಳ ಮನೆಗೆ, ಸದಾ ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ಲು ಒಮ್ಮೆಲೇ ಕಣ್ಣು ಕುಕ್ಕುವಂತೆ ಬಂತು. ಸರ್ಕಾರದ ಉಚಿತ ಕರೆಂಟಿನ ಇನ್ನೂರು ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿಗೆ ನಾವೇ ಕಟ್ಟಬೇಕು. ನಾವು ದಾಟಿಬಿಟ್ಟಿದ್ದೆವು.

ಮೊದಲು ಮೀಟರ್ ಓದುವವನ ಮೇಲೆ ಗುಮಾನಿ: ತಡವಾಗಿ ಬಂದು ಹೆಚ್ಚು ದಿನ ಸೇರಿಸಿದನೇ? ಇಲ್ಲ, ಸರಿಯಾದ ದಿನಕ್ಕೇ ಬಂದಿದ್ದ. ಆಮೇಲೆ ಹಳೇ ಫ್ರಿಜ್ಜಿನ ಮೇಲೆ. ಅದು ಹೋದ ತಿಂಗಳೂ ಹಳೆಯದೇ ಆಗಿತ್ತಲ್ಲ!

"ಪಕ್ಕದ ಮನೆ ಟೈಲರ್‌ಗೆ ವಯರ್ ಕೊಟ್ಟಿದ್ಯಲ್ಲ, ಅಲ್ಲಿ ನೋಡು" ಎಂದರು ಅತ್ತೆ.

ಅತ್ತೆ ಆ ತಿಂಗಳಷ್ಟೇ ಮಂಡಿನೋವಿನ ಔಷಧಿಗೆಂದು ಕುಪ್ಪಗಡ್ಡೆಯಿಂದ ಬಂದಿದ್ದರು. ಇಲ್ಲೇ ಇದ್ದುಬಿಡಿ ಎಂದು ನಾನೇ ಗಂಟುಬಿದ್ದಿದ್ದೆ. ಜಗಳವಾಡಿದರೂ ಜೊತೆಗೊಬ್ಬರು ಬೇಕಿತ್ತು ನನಗೆ. "ಒಂದು ಮಾತು ಬಂದ್ರೂ ಬಸ್ ಹತ್ತೋಳು ನಾನು" ಎಂದು ಮೊದಲೇ ಹೇಳಿ, ಬಟ್ಟೆಯನ್ನೆಲ್ಲ ಬ್ಯಾಗಿನಲ್ಲೇ ಉಳಿಸಿ ಮಂಚದ ಕೆಳಗೆ ತಳ್ಳಿದ್ದರು.

ಟೈಲರ್ ಮನೆಯ ವೈರಿಂಗ್ ರಿಪೇರಿಯಾದ ದಿನ ನಾವು ಕಾಂಪೌಂಡ್ ಮೇಲಿಂದ ವಯರ್ ಕೊಟ್ಟಿದ್ದು ನಿಜ. ಅದಿನ್ನೂ ಗೋಡೆಯ ಮೇಲೇ ಬಿದ್ದಿತ್ತು. ಭಾನುವಾರ ಮಧ್ಯಾಹ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು, ಮೀಟರಿನ ಮುಂದೆ ನಿಂತೆ. ಕೆಂಪು ದೀಪ ಮಿಣುಕುತ್ತಲೇ ಇತ್ತು! ಸ್ವಲ್ಪ ಹೊತ್ತಿಗೆ ನಿಂತಿತು, ಮತ್ತೆ ಶುರುವಾಯಿತು. ಇಸ್ತ್ರಿ ಪೆಟ್ಟಿಗೆ ಹೀಗೇ ಅಲ್ಲವೇ ಕರೆಂಟು ಎಳೆಯುವುದು? ನನ್ನ ಮೈಯೆಲ್ಲ ಉರಿದುಹೋಯಿತು.

ಮೇನ್ ಸ್ವಿಚ್ ಇಳಿಸಿದೆ. ಟೈಲರ್ ಮನೆಯ ಕರೆಂಟ್ ಹೊಲಿಗೆ ಮೆಷಿನ್ನಿನ ಸದ್ದು ನಿಲ್ಲಲಿಲ್ಲ. ಒಳಗೆ ಇಸ್ತ್ರಿಯ ಚುಸ್ ಸದ್ದೂ ಕೇಳುತ್ತಿತ್ತು. ಅವರ ಕರೆಂಟು ಅವರದ್ದೇ.

ಪೆಚ್ಚಾಗಿ ಮೇನ್ ಮತ್ತೆ ಎತ್ತಿ, ಕೈಯ ಧೂಳು ತೊಳೆಯಲು ಬಚ್ಚಲಿಗೆ ಹೋದೆ. ನಲ್ಲಿ ತಿರುಗಿಸಿದರೆ ಸುಡುವ ನೀರು. ಬೆಳಗಿನ ಸ್ನಾನ ಮುಗಿದು ಎಷ್ಟು ಹೊತ್ತಾಗಿತ್ತು! ಬಾಗಿಲ ಪಕ್ಕ ಒಣಹಾಕಿದ್ದ ಅತ್ತೆಯ ಸೀರೆ ಸರಿಸಿದರೆ, ಅದರ ಹಿಂದೆ ಗೀಸರಿನ ಸ್ವಿಚ್ಚು. ಹಗಲೂ ರಾತ್ರಿ ಉರಿಯುತ್ತಿತ್ತು ಅದು.

ಆಗ ಹೊಳೆಯಿತು. ಕುಪ್ಪಗಡ್ಡೆಯ ಮನೆಯಲ್ಲಿ ಬಚ್ಚಲ ಹಂಡೆ ತಣ್ಣಗಾಗಿದ್ದನ್ನು ನಾನು ಕಂಡೇ ಇಲ್ಲ. ಬೂದಿಯೊಳಗೆ ಕೆಂಡ ಉಳಿದೇ ಇರುತ್ತಿತ್ತು. ಯಾರು ಬಂದರೂ ಮೊದಲು ಕಾಲಿಗೆ ಬಿಸಿನೀರು. ಸೊರಬದ ಆಫೀಸಿನಿಂದ ಬಸ್ಸಿನಲ್ಲಿ ಜೋತುಬಿದ್ದು ಬಂದ ನನಗೂ ಆ ತಿಂಗಳೆಲ್ಲ ಸಂಜೆ ಕಾಲಿಗೆ ಬಿಸಿನೀರೇ ಸಿಕ್ಕಿತ್ತು. ತಕ್ಕಡಿ ಬಗ್ಗಿ ನೋಡುವ ನನಗೆ ಅದರ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

ಸುಮ್ಮನೆ ಸ್ವಿಚ್ ಆರಿಸಿಬಿಡೋಣವೆಂದುಕೊಂಡೆ. ಹೇಳಿದರೆ ಬ್ಯಾಗು ಹೊರಡುತ್ತದೆ. ಆದರೆ ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಕಾಂಪೌಂಡಿನ ಕಡೆ ಹೊರಟಿದ್ದರು. "ನಿಂಗಾಗ್ದಿದ್ರೆ ಬಿಡು ಮಾರಾಯ್ತಿ, ಆ ಟೈಲರ್ನ ನಾನೇ ಕೇಳ್ತೀನಿ."

"ಅತ್ತೆ, ಅವರದ್ದೇನೂ ಇಲ್ಲ. ಗೀಸರು ಹಾಕಿಯೇ ಇತ್ತು."

ಅವರು ನಿಂತರು. ನನ್ನನ್ನು ನೋಡಿದರು. "ಹಂಡೆ ಆರಿಸ್ತಾರೇನೆ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದರು. ರಾತ್ರಿ ಬೇಗ ಊಟ ಮುಗಿಸಿ ಮಲಗಿಬಿಟ್ಟರು.

ಮರುದಿನ ಆಫೀಸಿನಲ್ಲಿ ಕೆಲಸಕ್ಕೆ ಕೈ ಹೋಗಲಿಲ್ಲ. ಕುಪ್ಪಗಡ್ಡೆಗೆ ಹೋಗುವವರು ಬಸ್ ಬದಲಿಸುವುದು ಸೊರಬದಲ್ಲೇ; ಸಂಜೆ ನಿಲ್ದಾಣದಲ್ಲಿ ಶಿಕಾರಿಪುರದ ಬಸ್ಸುಗಳಿಂದ ಇಳಿದವರ ನಡುವೆ ಅತ್ತೆಯ ಮುಖ ಹುಡುಕಿದೆ. ಮನೆಗೆ ಬಂದವಳೇ ಮಂಚದ ಕೆಳಗೆ ಬಗ್ಗಿದೆ. ಬ್ಯಾಗಿರಲಿಲ್ಲ. 

ಹಿತ್ತಲಿನಿಂದ ಹೊಗೆ ವಾಸನೆ ಬಂತು. ಓಡಿದೆ. ಮೂರು ಕಲ್ಲಿನ ಮೇಲೆ ನಮ್ಮ ದೊಡ್ಡ ಪಾತ್ರೆ. ಟೈಲರ್ ಹೆಂಡತಿ ಗೋಡೆಯಾಚೆಯಿಂದ ತೆಂಗಿನ ಚಿಪ್ಪು ಕೊಡುತ್ತಿದ್ದಾಳೆ, ಅತ್ತೆ ಒಂದೊಂದಾಗಿ ಬೆಂಕಿಗೆ ಹಾಕುತ್ತಿದ್ದಾರೆ.

"ಇದಕ್ಕೆ ಯಾವನು ಬಿಲ್ ಕಳಿಸ್ತಾನೋ ನೋಡ್ತೀನಿ" ಎಂದರು, ನನ್ನ ಕಡೆ ತಿರುಗದೆ. "ನಿಂತ್ಕೊಂಡು ಏನ್ ನೋಡ್ತೀಯ? ಕಾಲು ತೊಳ್ಕೋ."

ಚೊಂಬು ತುಂಬಿಕೊಂಡು ಕಾಲ ಮೇಲೆ ಸುರಿದುಕೊಂಡೆ. ಅವರ ಹಿಂದೆ, ಬಟ್ಟೆ ಒಣಹಾಕುವ ತಂತಿಯ ಮೇಲೆ, ಒಗೆದು ಹಿಂಡಿದ ಖಾಲಿ ಬ್ಯಾಗು ತಲೆಕೆಳಗಾಗಿ ತೂಗುತ್ತಿತ್ತು.