ಮುಖ ತೋರಿಸದ ಮೇಡಂ

ನನ್ನ ತವರು ಸವಣೂರು. ಸೇವು, ಶೇಂಗಾ ಬೆರೆಸಿದ ಖಾರ ಮಾಡಿ ಮಾರುವ ಮನೆ. ಗಿರಾಕಿ ಬಂದರೆ ಮೊದಲು ಅಂಗೈಗೆ ಒಂದು ಚಿಟಿಕೆ ಖಾರ ಹಾಕಬೇಕು, ಅವರು ತಿಂದು ತಲೆಯಾಡಿಸಿದ ಮೇಲೆಯೇ ತಕ್ಕಡಿ ಎತ್ತಬೇಕು. ಹಾಗೆ ಬೆಳೆದವಳಿಗೆ ಮೊಬೈಲಿನಲ್ಲೇ ಪಾಠ, ಮೊಬೈಲಿನಲ್ಲೇ ಪರೀಕ್ಷೆ, ಮೊಬೈಲಿಗೇ ಪ್ರಮಾಣಪತ್ರ ಎಂದರೆ ನಂಬಿಕೆ ಎಲ್ಲಿಂದ ಬರಬೇಕು? ಮನೆಯಲ್ಲೇ ಕೂತು ಕೆಲಸ ಮಾಡಿ ಎಂದವರನ್ನು ನಂಬಿ ಕೆಟ್ಟವರು ನಮ್ಮ ಓಣಿಯಲ್ಲೇ ಇದ್ದಾರೆ.

ಆದರೂ ಅಂಥದೊಂದು ತರಬೇತಿಗೆ ಸೇರಿದೆ, ಬೇರೆ ದಾರಿ ಇರಲಿಲ್ಲ. ಮದುವೆಯಾಗಿ ಹಾನಗಲ್ಲಿಗೆ ಬಂದಾಗಿನಿಂದ ಶಾಲೆಯಲ್ಲಿ ಕೆಲಸ ಮಾಡುವ ಆಸೆ ನನಗೆ. ನಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಒಂದನೆಯ ತರಗತಿಯ ಟೀಚರಿಗೆ ಸಹಾಯಕಿ ಬೇಕಾಗಿದ್ದಳು. ಅಳುವ ಮಕ್ಕಳನ್ನು ಸಮಾಧಾನ ಮಾಡುವುದು, ಹಿಂದೆ ಬಿದ್ದವರ ಪಕ್ಕ ಕೂತು ಓದಿಸುವುದು, ಇಂಥ ಕೆಲಸ. ಶಾಲೆ ತೆರೆಯುವುದರೊಳಗೆ ತರಬೇತಿಯ ಪ್ರಮಾಣಪತ್ರ ತಂದರೆ ಜಾಗ ನಿಮ್ಮದು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಅಲ್ಲಿಯ ಮುಖ್ಯೋಪಾಧ್ಯಾಯಿನಿ ಕಡ್ಡಿ ಮುರಿದಂತೆ ಹೇಳಿದ್ದರು.

ಪಾಠಕ್ಕೆ ಶಿಗ್ಗಾವಿಯ ಒಬ್ಬಾಕೆ, ಹಿರೇಕೆರೂರಿನ ಅಕ್ಕತಂಗಿಯರು, ಹೀಗೆ ಒಂದಷ್ಟು ಹೆಂಗಸರು ಸೇರಿದ್ದೆವು. ನಮ್ಮೆಲ್ಲರ ಮುಖ ಪರದೆಯ ಮೇಲೆ ಕಾಣಬೇಕು, ಕಲಿಸುವ ಮೇಡಂ ಮುಖ ಮಾತ್ರ ಕಾಣುವುದಿಲ್ಲ. ಅಲ್ಲೊಂದು ಬೂದು ಬಣ್ಣದ ಚೌಕ. ಅದರೊಳಗಿಂದ ರೇಡಿಯೊದವರಂಥ ನಯವಾದ ಕನ್ನಡ ಬರುತ್ತಿತ್ತು. ಕೇಳಿದರೆ ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಿದ್ದರು. ದಿನಾ ಹಾಳಾಗುವ ನೆಟ್‌ವರ್ಕ್ ಮುಖವನ್ನಷ್ಟೇ ನುಂಗಿ ಧ್ವನಿಯನ್ನು ಬಿಡುತ್ತದೆಯೇ?

ನನ್ನ ಅತ್ತೆ ನನಗಿಂತ ಒಂದು ಕೈ ಮೇಲು. ಪಾಠ ಶುರುವಾದರೆ ಸಾಕು, ಶೇಂಗಾ ಸುಲಿಯುವ ನೆಪದಲ್ಲಿ ಮೊರ ಹಿಡಿದುಕೊಂಡು ನನ್ನ ಪಕ್ಕ ಕಾವಲು ಕೂರುತ್ತಿದ್ದರು.

"ಆಕಿ ಮಾರಿ ನೋಡೀಯೇನ?" ಎಂದರು ಒಂದು ದಿನ.

"ಇಲ್ರೀ ಅತ್ತಿ."

"ಮತ್ತ ಹೆಂಗ ನಂಬ್ತಿ? ಅಲ್ಲಿ ಹೆಣ್ಮಗಳು ಅದಾಳೋ, ಬರೇ ಮಷಿನ್ ಐತೋ ಯಾರಿಗ್ಗೊತ್ತು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಮೇಡಂ ಭರದಿಂದ ಪಾಠ ಮಾಡುತ್ತಿರುವಾಗ ನಡುವೆಯೇ ಬಾಯಿ ಹಾಕಿದೆ: "ಮೇಡಂ, ನಿಮ್ಮ ಕಡೆ ಮಳಿ ಹತ್ತೇತೇನ್ರಿ?"

"ಇಲ್ಲಮ್ಮ, ಇಲ್ಲಿ ಬಿಸಿಲಿದೆ. ಪಾಠದ ಕಡೆ ಗಮನ ಕೊಡಿ."

ಕೇಳಿದ್ದಕ್ಕೆ ಉತ್ತರ ಬಂತು, ರೆಕಾರ್ಡು ಹಚ್ಚಿಟ್ಟ ಮಷಿನ್ ಅಲ್ಲ ಎಂಬುದಾದರೂ ಖಾತ್ರಿಯಾಯಿತು. ಆದರೆ ಅನುಮಾನ ಅಷ್ಟಕ್ಕೆ ನಿಲ್ಲುವ ಜಾತಿಯದಲ್ಲ. ಇನ್ನೊಂದು ದಿನ ಮೇಡಂ, ಮಗುವಿನ ಡಬ್ಬಿಯಲ್ಲಿರುವ ರೊಟ್ಟಿ, ಪುಂಡಿಪಲ್ಯದ ಬಗ್ಗೆಯೇ ಮಾತು ತೆಗೆಯಿರಿ, ಆಗ ಮಗು ಬಾಯಿ ಬಿಡುತ್ತದೆ ಎಂದರು. ನನ್ನ ಕಿವಿ ನೆಟ್ಟಗಾಯಿತು. ಇಷ್ಟು ನಯದ ಮಾತಿನಾಕೆಗೆ ನಮ್ಮ ಕಡೆಯ ಪುಂಡಿಸೊಪ್ಪಿನ ಪಲ್ಯ ಹೇಗೆ ಗೊತ್ತು? ನಮ್ಮ ಮನೆಯ ಊಟದ ಸುದ್ದಿಯನ್ನೂ ಯಾರೋ ಇವಳಿಗೆ ಮುಟ್ಟಿಸುತ್ತಿದ್ದಾರೆ ಎಂದುಕೊಂಡೆ. ಹಿರೇಕೆರೂರಿನ ಅಕ್ಕತಂಗಿಯರ ಮೇಲೂ ಒಂದು ಕಣ್ಣಿಟ್ಟೆ. ಪಾಪ, ಅವರು ಏನೂ ಮಾಡಿರಲಿಲ್ಲ.

ಪಾಠವೇನೋ ಚೆನ್ನಾಗಿಯೇ ಇತ್ತು. ಮಗುವಿನ ಎದುರು ನಿಲ್ಲಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಮಗು ಮನೆಯಲ್ಲಿ ಆಡುವ ಮಾತಿನಲ್ಲೇ ಮಾತಾಡಿಸಿ. ಇದನ್ನೆಲ್ಲ ಬರೆದುಕೊಳ್ಳುತ್ತಿದ್ದೆ, ಬರೆದುಕೊಳ್ಳುತ್ತಲೇ ಇವಳು ಯಾರು, ಇವಳ ಹುನ್ನಾರ ಏನು ಎಂದು ಯೋಚಿಸುತ್ತಿದ್ದೆ.

ಕೊನೆಗೆ ಪರೀಕ್ಷೆ ಬಂತು. ಒಬ್ಬೊಬ್ಬರನ್ನೇ ಫೋನಿಗೆ ಕರೆದರು. ಇನ್ನೆರಡು ದಿನದಲ್ಲಿ ಶಾಲೆ ತೆರೆಯುವುದಿತ್ತು. ಇದರಲ್ಲಿ ಬಿದ್ದರೆ ನನ್ನ ಜಾಗ ಬೇರೆಯವರ ಪಾಲು.

"ನಾನು ಮೊದಲ ದಿನ ಶಾಲೆಗೆ ಬಂದ ಮಗು. ಅಳುತ್ತಿದ್ದೇನೆ. ನನ್ನನ್ನು ಮಾತಾಡಿಸಿ," ಎಂದಿತು ಬೂದು ಚೌಕ.

ಅಂಕ ಬೀಳಲಿ ಎಂದು ನಾನೂ ನಯದ ಕನ್ನಡವನ್ನೇ ತೆಗೆದೆ. "ಪುಟ್ಟಾ, ಏಕೆ ಅಳುತ್ತಿರುವೆ? ನಿನ್ನ ಹೆಸರೇನು?"

ಉತ್ತರವಿಲ್ಲ. ಶಾಲೆಯಲ್ಲಿ ಎಷ್ಟು ಗೆಳೆಯರು ಸಿಗುತ್ತಾರೆ ಗೊತ್ತೇ ಎಂದೆ. ಅದಕ್ಕೂ ಇಲ್ಲ. ಲೈನ್ ಹೋಯಿತೇ ಎಂದು ನೋಡಿದೆ, ಹೋಗಿರಲಿಲ್ಲ. ನನ್ನನ್ನು ಬೀಳಿಸಲೆಂದೇ ಸುಮ್ಮನಿದ್ದಾಳೆ, ಆ ಜಾಗ ತನ್ನವರಿಗೆ ಕೊಡಿಸುತ್ತಾಳೆ ಎನಿಸಿತು. ಆಗ ಯಾವ ಅಂಕವೂ ನೆನಪಿಗೆ ಬರಲಿಲ್ಲ, ಬಾಯಿಗೆ ಬಂದದ್ದು ಬಂತು.

"ಯಾಕವಾ, ಹೊಟ್ಟಿ ಹಸದೈತೇನು? ಬಾ, ನನ್ನ ಮಗ್ಗಲದಾಗ ಕುಂಡ್ರು. ಇಲ್ಲಿ ಯಾರೂ ಬೈಯಂಗಿಲ್ಲ."

"ನಮ್ಮವ್ವ ಯಾವಾಗ ಬರ್ತಾಳ್ರೀ?" ಎಂದಿತು ಆ ಕಡೆಯ ಧ್ವನಿ.

ಪಕ್ಕದಲ್ಲಿ ಅತ್ತೆಯ ಕೈ ಶೇಂಗಾದ ಮೇಲೆ ನಿಂತಿತು. ನಮ್ಮ ಕಡೆಯ ಮಾತಿನ ಆ ಎಳೆತವನ್ನು ಯಾರಿಗೂ ಕಲಿತು ಆಡಲು ಆಗುವುದಿಲ್ಲ.

"ಮೇಡಂ, ಖರೇ ಹೇಳ್ರಿ. ನಿಮ್ಮದು ಯಾವೂರು?"

"ಅಕ್ಕಿಆಲೂರ್ರಿ," ಎಂದರು.

ಮೈಯೆಲ್ಲ ಉರಿಯಿತು. ಹಾನಗಲ್ಲಿನಲ್ಲಿ ಬಸ್ಸು ಹತ್ತಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬರುವ ಊರು. ಸಂತೆಗೆ ಹೋದಾಗ ಇವರ ಮನೆಯ ಮುಂದೆಯೇ ಹಾದು ಬಂದಿರಬೇಕು ನಾನು.

"ಮತ್ತ ಇಷ್ಟ ದಿನಾ ಯಾಕ ಹಂಗ ಮಾತಾಡಿದ್ರಿ? ಮಾರಿ ಯಾಕ ಮುಚ್ಚಿಟ್ರಿ?"

"ಹಿಂದಿನ ಸಲ ಮಾರಿ ತೋರಿಸಿ, ನಮ್ಮ ಮಾತಿನ್ಯಾಗ ಪಾಠ ಮಾಡಿದ್ದೆ ನೋಡ್ರಿ. ಈಕಿನ್ನ ಸಂತ್ಯಾಗ ನೋಡೇವಿ, ನಮ್ಮಂಗ ಮಾತಾಡ್ತಾಳ, ಈಕಿಗೇನ ಬರ್ತೈತಿ ಅಂತ ಅರ್ಧ ಮಂದಿ ಬಿಟ್ಟು ಹೋದ್ರು." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಪಾಸಾಗೀರಿ. ಪ್ರಮಾಣಪತ್ರ ಇವತ್ತ ಕಳಸ್ತೇನಿ. ಆದ್ರ ಒಂದ ಮಾತು ಹೇಳ್ರಿ. ನಾ ಅಕ್ಕಿಆಲೂರಾಕಿ ಅಂತ ಮೊದಲ ಹೇಳಿದ್ರ ನೀವು ಕಲಿಯಾಕ ಬರ್ತಿದ್ರೇನು?"

ಬರ್ತಿದ್ದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಫೋನಿನತ್ತ ಬಗ್ಗಿದರು.

"ಬರ್ತಿದ್ದಿಲ್ಲ ಬಿಡವಾ," ಎಂದರು.

"ಖರೇ ಐತ್ರಿ ಮೇಡಂ," ಎಂದೆ ನಾನೂ.