ಎರಡು ಚುಕ್ಕಿಗಳಲ್ಲಿ ಒಂದು ಮ್ಯಾಟ್ರಿಕ್ಸ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ರಾಬರ್ಟ್‌ಸನ್‌ಪೇಟೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಹೋಗುವುದು, ಸಂಜೆಯ ರೈಲಿಗೆ ಬರುವುದು. ಬೇತಮಂಗಲದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಆ ವರ್ಷ ನನ್ನ ತರಗತಿಯಲ್ಲಿದ್ದಳು. ಉಳಿದದ್ದರಲ್ಲಿ ಚುರುಕು. ಅಂಕಿಗಳನ್ನು ಚೌಕದಲ್ಲಿ ಸಾಲಾಗಿ ಜೋಡಿಸಿ ಲೆಕ್ಕ ಮಾಡುವ ಮ್ಯಾಟ್ರಿಕ್ಸ್ ಪಾಠ ಶುರುವಾದ ಮೇಲೆ ಮಾತ್ರ ಮಂಕಾದಳು. ಒಂದು ದಿನ ಎಲ್ಲರೂ ಹೋದ ಮೇಲೆ ಕೇಳಿದಳು:

"ಮೇಡಂ, ತ್ರಿಕೋನ ಅಂದ್ರೆ ಕಣ್ಣಿಗೆ ಕಾಣ್ತದೆ. ಇದು ಎಲ್ಲಿ ಕಾಣ್ತದೆ?"

ನನಗೂ ಯಾರೂ ತೋರಿಸಿರಲಿಲ್ಲ. "ನೋಡೋಣ ಇರು," ಎಂದೆ.

ಕಾಲೇಜಿಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ಅದರಲ್ಲಿದ್ದ ರೇಖಾಗಣಿತದ ಸಾಫ್ಟ್‌ವೇರ್‌ನಲ್ಲಿ ಒಂದು ಚುಕ್ಕಿಯನ್ನು ಮೌಸ್‌ನಿಂದ ಎಳೆದರೆ, ಅದನ್ನು ನಂಬಿಕೊಂಡ ಗೆರೆಗಳೆಲ್ಲ ಜೊತೆಗೇ ಸರಿಯುತ್ತಿದ್ದವು. ಕೆಲವು ಸಂಜೆ ರೈಲು ಬಿಟ್ಟು ಅದರ ಮುಂದೆ ಕೂತೆ. ಮ್ಯಾಟ್ರಿಕ್ಸ್‌ನ ಮೊದಲ ಕಂಬಸಾಲಿನ ಎರಡು ಅಂಕಿಗಳಿಗೆ ಒಂದು ಚುಕ್ಕಿ, ಎರಡನೆಯ ಕಂಬಸಾಲಿಗೆ ಇನ್ನೊಂದು. ಅವುಗಳಿಗೆ ಒಂದು ಪುಟ್ಟ ಮನೆಯ ಚಿತ್ರ ಹೊಂದಿಸಿದೆ. ಚುಕ್ಕಿ ಸರಿದಂತೆ ಮನೆ ಹಿಗ್ಗಿತು, ವಾಲಿತು, ತಲೆಕೆಳಗಾಯಿತು.

ಹುಡುಗಿಯ ಕೈಗೆ ಮೌಸ್ ಕೊಟ್ಟೆ. ಹೆದರುತ್ತಲೇ ಎಳೆದಳು. ಎರಡೂ ಚುಕ್ಕಿಗಳು ಮೂಲಬಿಂದುವಿನ ಜೊತೆ ಒಂದೇ ಗೆರೆಗೆ ಬಂದಾಗ ಮನೆ ಚಪ್ಪಟೆಯಾಗಿ ಬರೀ ಗೆರೆಯಾಯಿತು.

"ಮೇಡಂ, ಮನೇನೇ ಓಯ್ತು."

"ಈಗ ಆ ನಾಲ್ಕು ಅಂಕಿಗಳ ಡಿಟರ್ಮಿನೆಂಟ್ ಎಷ್ಟು, ಲೆಕ್ಕ ಹಾಕಿ ನೋಡು."

ಸೊನ್ನೆ ಬಂತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅಷ್ಟರಲ್ಲಿ ಅವಳು ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಫೇಲಾದ ಸುದ್ದಿ ಮನೆ ಮುಟ್ಟಿತ್ತು. ಮಾರನೆಯ ವಾರ ಅವಳ ತಾಯಿ ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬಂದರು.

"ಓದು ಬ್ಯಾಡ ಅನ್ನಾಕಿಲ್ಲ ಮೇಡಂ. ಈ ಲೆಕ್ಕ ಬುಟ್ಟು ಬ್ಯಾರೆ ಏನಾನ ಓದ್ಲಿ. ಸರ್ಯಾಗಿ ಉಣ್ಣಾಕಿಲ್ಲ, ಮಗ್ಳು ಸೊರಗೋಗ್ತಾವಳೆ."

ಹುಡುಗಿ ತಾಯಿಯನ್ನು ಕರೆದುಕೊಂಡು ಹೋಗಿ ಕಂಪ್ಯೂಟರ್ ಮುಂದೆ ಕೂರಿಸಿದಳು. ಅವರು ಕುರ್ಚಿಯ ಅಂಚಿನಲ್ಲೇ ಕೂತರು. ಅವರ ಕೈಯನ್ನು ಮೌಸ್ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಎಳೆದಳು. ಮನೆ ವಾಲಿತು.

"ಬಿದ್ದೋಯ್ತದೆ ಕಣೇ."

"ಬೀಳಾಕಿಲ್ಲಮ್ಮ. ಇನ್ನೊಂದು ಚುಕ್ಕಿನ ಈ ಕಡೆ ತಗಂಬಾ."

ಅಂಕಿ ಹೇಗೆ ಚುಕ್ಕಿಯಾಗುತ್ತದೆ, ಚುಕ್ಕಿ ಹೇಗೆ ಮನೆಯನ್ನು ಬದಲಿಸುತ್ತದೆ ಎಂದು ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಹೇಳುತ್ತಾ ಹೋದಳು. ತಾಯಿ ಪರದೆ ನೋಡುವುದನ್ನು ಬಿಟ್ಟು ಮಗಳ ಮುಖವನ್ನೇ ನೋಡುತ್ತಿದ್ದರು.

"ಇದು ನಿಂಗೆ ಇಷ್ಟಾನಾ?"

"ಊಂ."

"ಮತ್ತೆ ಇಷ್ಟು ದಿನ ಯಾಕೆ ಯೋಳ್ಲಿಲ್ಲ?"

"ನಂಗೂ ಗೊತ್ತಿರ್ಲಿಲ್ಲಮ್ಮ."

ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. "ಇರ್ಲಿ ಬುಡಿ ಮೇಡಂ, ಇದ್ನೇ ಓದ್ಲಿ," ಎಂದು ಬಸ್ಸಿಗೆ ಹೊರಟರು.

ವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಪಾಸಾದಳು. ಅಂಥ ದೊಡ್ಡ ಅಂಕಗಳೇನಲ್ಲ, ಆದರೂ ಬಿಎಸ್ಸಿಗೆ ಗಣಿತವನ್ನೇ ಆರಿಸಿಕೊಂಡಳು. ಫಲಿತಾಂಶದ ದಿನ ತಾಯಿ ಮಗಳು ಇಬ್ಬರೂ ಬಂದಿದ್ದರು. ಹಸು ಈದಿತ್ತಂತೆ, ಸ್ಟೀಲ್ ಡಬ್ಬಿಯ ತುಂಬ ಗಿಣ್ಣು ತಂದಿದ್ದರು. ಬಂಗಾರಪೇಟೆ ಬರುವವರೆಗೂ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಇನ್ನೂ ಬೆಚ್ಚಗಿತ್ತು.